ಬಾಡಿಗೆ ಕೊಡದ ಮನೆಗಳಿಂದ ಎದ್ದ ಪಂಕ್

ಲಂಡನ್ನಿನ ಮೇಡಾ ವೇಲ್, ವಾಲ್ಟರ್ಟನ್ ರಸ್ತೆ, ಮನೆ ನಂಬರ್ 101. 1974ರಲ್ಲಿ ಆ ಪಾಳುಮನೆಯಲ್ಲಿ ಯಾರಿಗೂ ಬಾಡಿಗೆ ಕೊಡದೆ ಬಿಡಾರ ಹೂಡಿದ್ದ ಹುಡುಗರು ಒಂದು ಬ್ಯಾಂಡ್ ಕಟ್ಟಿದರು. ಮನೆ ನಂಬರನ್ನೇ ಅದಕ್ಕೆ ಹೆಸರಾಗಿಟ್ಟರು: 'ವನ್-ಓ-ವನರ್ಸ್'. ಅದರ ಗಾಯಕ ಜೋ ಸ್ಟ್ರಮರ್ ಬಡವರ ಮನೆಯ ಮಗನಲ್ಲ. ತಂದೆ ಬ್ರಿಟಿಷ್ ರಾಜತಾಂತ್ರಿಕ ಸೇವೆಯಲ್ಲಿದ್ದವರು, ಮಗ ಹುಟ್ಟಿದ್ದು ಟರ್ಕಿಯ ಅಂಕಾರಾದಲ್ಲಿ. 1976ರಲ್ಲಿ ಸ್ಟ್ರಮರ್ 'ದಿ ಕ್ಲ್ಯಾಶ್' ಎಂಬ ಪಂಕ್ ಬ್ಯಾಂಡ್ ಸೇರಿದರು. ಆ ಮನೆಯಲ್ಲೇ ಇದ್ದ ಸ್ಪೇನಿನ ಪಲೋಮಾ ರೊಮೆರೊ 'ಪಾಮಾಲಿವ್' ಎಂಬ ಹೆಸರಿನಲ್ಲಿ 'ದಿ ಸ್ಲಿಟ್ಸ್' ಎಂಬ ಹುಡುಗಿಯರ ಬ್ಯಾಂಡಿನ ಡ್ರಮ್ಮರ್ ಆದರು.

ಪಂಕ್ ಎಂದರೆ ಹರಿದ ಅಂಗಿ, ಸೇಫ್ಟಿ ಪಿನ್, ಸಿಟ್ಟು ಎಂದೇ ಲೆಕ್ಕ. ಆ ಪೀಳಿಗೆಯವರ ಬದುಕಿನ ಕಥೆಗಳನ್ನು ಓದುತ್ತ ಹೋದರೆ ಬಾಡಿಗೆಯ ಲೆಕ್ಕವೂ ಎದುರಾಗುತ್ತದೆ.

ಅಷ್ಟೊಂದು ಮನೆಗಳು ಖಾಲಿ ಬಿದ್ದದ್ದಾದರೂ ಹೇಗೆ? ಬಡಾವಣೆಗಳನ್ನು ಕೆಡವಿ ಹೊಸದಾಗಿ ಕಟ್ಟುತ್ತೇವೆಂದು ಸ್ಥಳೀಯ ಆಡಳಿತಗಳು ಸಾಲುಸಾಲು ಹಳೆ ಮನೆಗಳನ್ನು ಕೊಂಡಿದ್ದವು. ಹಣ ಸಾಲದೆ ಯೋಜನೆಗಳು ನಿಂತವು, ಕಿಟಕಿಗಳಿಗೆ ತಗಡು ಬಿತ್ತು. ಒಳಗೆ ಯಾರೂ ಸೇರಿಕೊಳ್ಳಬಾರದೆಂದು ಕೆಲವೆಡೆ ಆಡಳಿತದವರೇ ಶೌಚದ ಗುಂಡಿಗೆ ಕಾಂಕ್ರೀಟ್ ಸುರಿಸಿದರು. ಆದರೂ ಎಪ್ಪತ್ತರ ದಶಕದ ನಡುವಿನ ಹೊತ್ತಿಗೆ ಲಂಡನ್ನಿನಲ್ಲಿ ಹೀಗೆ ಬದುಕುತ್ತಿದ್ದವರು ಸುಮಾರು 30,000 ಮಂದಿ ಎಂಬ ಅಂದಾಜಿದೆ. ಆಗ ಇದು ಸಿವಿಲ್ ವ್ಯಾಜ್ಯ, ಅಪರಾಧವಲ್ಲ. ಒಳಗಿದ್ದವರು ಬೇಡವೆಂದರೆ ಬಲವಂತದಿಂದ ಬಾಗಿಲು ಒಡೆಯುವಂತಿಲ್ಲ ಎಂದು 1977ರ ಕಾಯ್ದೆಯ ಆರನೇ ಸೆಕ್ಷನ್ ಹೇಳಿತು. ಅದನ್ನೇ ನೋಟಿಸ್ ಮಾಡಿ ಬಾಗಿಲಿಗೆ ಅಂಟಿಸುವುದು ರೂಢಿಯಾಯಿತು.

ಸ್ಲಿಟ್ಸ್‌ನ ಗಿಟಾರ್ ವಾದಕಿ ವಿವ್ ಆಲ್ಬರ್ಟೈನ್ 2014ರಲ್ಲಿ ಬರೆದ ಆತ್ಮಕಥೆಯನ್ನು ಈ ಬೆಳಕಿನಲ್ಲಿ ಓದಬೇಕು. ಅಜ್ಜಿ ಬಿಟ್ಟುಹೋದ 200 ಪೌಂಡ್ ಕೈಗೆ ಬಂದಾಗ ಆಕೆ ಗಿಟಾರ್ ಕೊಂಡರು. ನುಡಿಸಲು ಬರುತ್ತಿರಲಿಲ್ಲ. ತಿಂಗಳ ಬಾಡಿಗೆ ಕಟ್ಟುವವರು ಅಂಥ ದುಡ್ಡಿನಲ್ಲಿ ಅಂಥ ಸಾಹಸ ಮಾಡುವುದು ಕಷ್ಟ. ಆದರೆ ಆ ಪುಸ್ತಕ ಹಳೆಯ ದಿನಗಳನ್ನು ಸಿಹಿ ಮಾಡಿ ಬಡಿಸುವುದಿಲ್ಲ. ಹದಿನಾಲ್ಕಕ್ಕೇ ಬ್ಯಾಂಡಿನ ಗಾಯಕಿಯಾದ ಆರಿ ಅಪ್‌ಗೆ ರಸ್ತೆಯಲ್ಲೇ ಚಾಕು ಇರಿದದ್ದೂ ಅದರಲ್ಲಿದೆ.

ಹಾಗೆಂದು ಖಾಲಿ ಮನೆ ಹೊಕ್ಕವರೆಲ್ಲ ಗಿಟಾರ್ ಹಿಡಿದವರಲ್ಲ. ಪೂರ್ವ ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್‌ನಲ್ಲಿ ಮನೆ ಸಿಗದ ಬಂಗಾಳಿ ಕುಟುಂಬಗಳು ಖಾಲಿ ಕಟ್ಟಡಗಳಿಗೆ ಸೇರಿಕೊಂಡವು. 1976ರಲ್ಲಿ ಸಂಘಟನೆಯನ್ನೂ ಕಟ್ಟಿದವು. ಬೆನ್ನಿಗೆ ನಿಂತವರಲ್ಲಿ ಮಾಲಾ ಸೇನ್ ಮತ್ತು ಪುಣೆಯ ಫಾರೂಖ್ ಧೊಂಡಿ ಇದ್ದರು. ಮುಂದೆ ಫೂಲನ್ ದೇವಿಯ ಜೀವನಕಥೆ ಬರೆದವರು ಇದೇ ಮಾಲಾ ಸೇನ್.

ಪಶ್ಚಿಮದ ಫ್ರೆಸ್ಟನ್ ರಸ್ತೆಯವರದು ಇನ್ನೊಂದು ವರಸೆ. ಒಕ್ಕಲೆಬ್ಬಿಸುವ ಮಾತು ಬಂದಾಗ 1977ರ ಅಕ್ಟೋಬರ್ 31ರಂದು ತಮ್ಮ ಬೀದಿಯನ್ನೇ 'ಫ್ರೆಸ್ಟೋನಿಯಾ' ಎಂಬ ಸ್ವತಂತ್ರ ದೇಶವೆಂದು ಘೋಷಿಸಿಕೊಂಡರು. ಒಂದೇ ಮನೆತನದವರಾದರೆ ಒಟ್ಟಿಗೇ ಪುನರ್ವಸತಿ ಕೊಡಬೇಕಾದೀತೆಂದು ಎಲ್ಲರೂ 'ಬ್ರ್ಯಾಮ್ಲಿ' ಎಂದು ಹೆಸರು ಇಟ್ಟುಕೊಂಡರು. ಪತ್ರಿಕೆಗಳು ಮುಗಿಬಿದ್ದವು. ನಗೆಯಾಡಿದರೂ ಕೆಲಸವಾಯಿತು: ಮುಂದೆ ಅಲ್ಲಿ ವಸತಿ ಸಹಕಾರ ಸಂಘವೇ ಎದ್ದಿತು.

ಆಲ್ಬರ್ಟೈನ್ ಪುಸ್ತಕ ಅಂಗಡಿಗೆ ಬರುವ ಹೊತ್ತಿಗೆ ಅದರಲ್ಲಿದ್ದ ಬದುಕು ಜೈಲಿನ ದಾರಿಯಾಗಿತ್ತು. 2012ರ ಸೆಪ್ಟೆಂಬರ್ 1ರಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ವಾಸದ ಮನೆಯನ್ನು ಹೀಗೆ ಹೊಕ್ಕರೆ ಆರು ತಿಂಗಳವರೆಗೆ ಸೆರೆವಾಸ. ಅಂಗಡಿ, ಕಚೇರಿ, ಪಬ್‌ಗಳಿಗೆ ಈ ಹೊಸ ಕಾನೂನು ಅನ್ವಯಿಸುವುದಿಲ್ಲ. 2024ರ ಏಪ್ರಿಲ್‌ನಲ್ಲಿ ಹೆಸರಾಂತ ಬಾಣಸಿಗ ಗಾರ್ಡನ್ ರಾಮ್ಸೆ ಅವರ, ಮುಚ್ಚಿದ್ದ 'ಯಾರ್ಕ್ ಅಂಡ್ ಆಲ್ಬನಿ' ಪಬ್ಬನ್ನು ಒಂದು ಗುಂಪು ಹೊಕ್ಕಿತು. ಬಾಗಿಲಿಗೆ 1977ರ ಕಾಯ್ದೆಯ ನೋಟಿಸ್ ಅಂಟಿಸಿ, ಒಳಗೆ ಎಲ್ಲರಿಗೂ ಪುಕ್ಕಟೆ ಕೆಫೆ ನಡೆಸುವುದಾಗಿ ಸಾರಿತು. ಅವರನ್ನು ಎಬ್ಬಿಸಲು ರಾಮ್ಸೆ ಅವರ ಕಂಪನಿ ಕೋರ್ಟಿಗೆ ಹೋಗಬೇಕಾಯಿತು.