ಜಗಲಿಯ ಚೆಲುವು ಆಂಥೂರಿಯಂ

ಮೂಕಂಡಪಲ್ಲಿಯ ಸುತ್ತಿನ ಹೊಲಗಳಲ್ಲಿ ಎಷ್ಟೋ ಇಂದು ಸಿಪ್ಕಾಟ್ ಕಾರ್ಖಾನೆಗಳಿಗೂ ಮನೆ ನಿವೇಶನಗಳಿಗೂ ಸೇರಿಹೋಗಿವೆ. ಹಿತ್ತಿಲಿಲ್ಲದ ಮನೆಯವರು ಜಗಲಿಯಲ್ಲಿಡಲು ಆಂಥೂರಿಯಂ ಗಿಡವನ್ನು ಕೊಂಡು ತರುವುದುಂಟು. ಹಣ ಕೊಟ್ಟು ತಂದ ಗಿಡ ಎರಡೇ ತಿಂಗಳಲ್ಲಿ ಕೊಳೆತುಹೋಯಿತೆಂದು ಕೊರಗುವುದೂ ಉಂಟು. ಇದಕ್ಕೆ ಕಾರಣ ಬಹುಮಟ್ಟಿಗೆ ನೀರಿನ ಕೊರತೆಯಲ್ಲ, ಬೇರಿಗೆ ಗಾಳಿಯಿಲ್ಲದಿರುವುದು.

ಈ ಗಿಡದ ತವರು ದಕ್ಷಿಣ ಅಮೆರಿಕದ ಕೊಲಂಬಿಯಾ, ಈಕ್ವೆಡಾರ್ ದೇಶಗಳ ಮಳೆಕಾಡು. ೧೮೭೬ರಲ್ಲಿ ಎದುವಾರ್ ಆಂದ್ರೆ ಎಂಬ ಫ್ರೆಂಚ್ ಸಸ್ಯಜ್ಞನು ಇದನ್ನು ಕೊಲಂಬಿಯಾದಲ್ಲಿ ಕಂಡು ಯೂರೋಪಿಗೆ ಪರಿಚಯ ಮಾಡಿದನು. ಕಾಡಿನಲ್ಲಿ ಇದು ಮರದ ಮೇಲೂ, ಉದುರೆಲೆಯ ಸಡಿಲ ಹಾಸಿನ ಮೇಲೂ ಬೆಳೆಯುತ್ತದೆ. ಎಷ್ಟು ಮಳೆ ಸುರಿದರೂ ಅಲ್ಲಿ ಬೇರಿನ ಬಳಿ ನೀರು ನಿಲ್ಲದು. ನಾವು ರಾಗಿ ಹೊಲದ ಮಣ್ಣನ್ನು ಕುಂಡಕ್ಕೆ ಒತ್ತಿ ತುಂಬಿ ದಿನವೂ ನೀರೆರೆದರೆ ಬೇರು ಉಸಿರುಕಟ್ಟಿ ಕೊಳೆಯುವುದು.

ಕುಂಡ ತುಂಬುವ ಕ್ರಮ: ತೆಂಗಿನ ಮಟ್ಟೆಯ ಚೂರು ಎರಡು ಪಾಲು, ಇದ್ದಲಿನ ಚೂರು ಒಂದು ಪಾಲು, ಒಡೆದ ಹೆಂಚಿನ ಚೂರು ಒಂದು ಪಾಲು ಬೆರೆಸಬೇಕು. ಮಟ್ಟೆಯಲ್ಲಿ ಉಪ್ಪಿನಂಶವಿರುವುದರಿಂದ ಎರಡು ದಿನ ನೆನೆಹಾಕಿ, ನೀರು ಬದಲಿಸಿ ತೊಳೆಯತಕ್ಕದ್ದು. ಕುಂಡದ ತಳದಲ್ಲಿ ತೂತುಗಳು ಇರಲೇಬೇಕು.

ನೀರು: ಬೆರಳಿಟ್ಟು ನೋಡಿ, ಮೇಲಿನ ಒಂದು ಅಂಗುಲ ಒಣಗಿದ್ದರೆ ಮಾತ್ರ ಎರೆಯಿರಿ. ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಿಬಿಡಿ. ಪಾತ್ರೆಗೆ ಬಿಳಿಯ ಪೊರೆ ಕಟ್ಟುವ ಕೊಳವೆಬಾವಿಯ ನೀರಿಗಿಂತ ಹಿಡಿದಿಟ್ಟ ಮಳೆನೀರು ಲೇಸು. ಸಂಜೆ ಎಲೆಯ ಮೇಲೆ ನೀರು ಚಿಮುಕಿಸಕೂಡದು. ಒದ್ದೆ ಎಲೆಯಲ್ಲಿ ಅಂಗಮಾರಿ ರೋಗ ಬೇಗ ಹಬ್ಬುತ್ತದೆ. ೧೯೮೦ರ ದಶಕದಲ್ಲಿ ಹವಾಯಿ ದ್ವೀಪದ ಆಂಥೂರಿಯಂ ತೋಟಗಳನ್ನು ಹಾಳುಗೆಡವಿದ್ದು ಇಂಥದೇ ರೋಗ. ರೋಗದ ಎಲೆಯನ್ನು ಕತ್ತರಿಸಿ ಸುಟ್ಟು, ಕತ್ತಿಯನ್ನು ಬೆಂಕಿಗೆ ಹಿಡಿದು ಶುದ್ಧಮಾಡಿರಿ.

ಬೆಳಕು ಮತ್ತು ಗೊಬ್ಬರ: ನೇರ ಬಿಸಿಲಿಗೆ ಎಲೆ ಸುಟ್ಟು ಕಂದಾಗುವುದು. ತೀರ ಕತ್ತಲಾದರೆ ಹೂವಿಲ್ಲ. ಕಿಟಕಿಯ ಬಳಿ, ಬಿಸಿಲು ತಾಗದೆ ಬೆಳಕು ಬೀಳುವ ಜಾಗವೇ ಸರಿ. ಮಾರ್ಗಶಿರ, ಪುಷ್ಯ ಮಾಸಗಳ ಚಳಿಗಾಳಿಗೆ ಇಡದೆ ಒಳಗೆ ಸರಿಸಿರಿ. ಕಳಿತ ಸಗಣಿಯನ್ನು ನೀರಿನಲ್ಲಿ ಕದಡಿ, ಸೋಸಿ, ತೀರ ತೆಳ್ಳಗೆ ಮಾಡಿ ತಿಂಗಳಿಗೊಮ್ಮೆ ಕೊಟ್ಟರೆ ಸಾಕು. ಬೆಳೆದ ಗಿಡದಲ್ಲಿ ಸಾಮಾನ್ಯವಾಗಿ ಎಲೆಗೊಂದು ಹೂ ಬರುವುದರಿಂದ ಹಸಿರು ಎಲೆಯನ್ನು ಸುಮ್ಮನೆ ಕೀಳಬೇಡಿ.

ಶಾಲೆಯ ಮಕ್ಕಳಿಗೆ ಒಂದು ಮಾತು. ನಾವು ಹೂವೆಂದು ಕರೆಯುವ ಕೆಂಪು ಭಾಗ ನಿಜವಾಗಿ ಬಣ್ಣ ಬಂದ ಎಲೆ. ಅದರ ನಡುವಣ ಕಡ್ಡಿಯ ಮೇಲೆ ಒತ್ತಾಗಿರುವ ಸಣ್ಣ ಕಾಳಿನಂಥವೇ ನಿಜವಾದ ಹೂಗಳು.

ಇನ್ನೊಂದು ಎಚ್ಚರ. ಆಂಥೂರಿಯಂ ನಮ್ಮ ಕೆಸುವಿನ, ಸುವರ್ಣಗೆಡ್ಡೆಯ ಕುಲಕ್ಕೇ ಸೇರಿದ್ದು. ಹಸಿ ಗೆಡ್ಡೆ ನಾಲಗೆಗೆ ತುರಿಸುವುದು ಸೂಜಿಯಂಥ ಆಕ್ಸಲೇಟ್ ಹರಳುಗಳಿಂದ. ಅವು ಇದರಲ್ಲಿಯೂ ಇವೆ. ಎಲೆ ಜಗಿದ ಮಗುವಿನ ಬಾಯಿ ಉರಿದು ಊದಿಕೊಳ್ಳುವುದು. ಹಾಗಾದರೆ ಬಾಯಿ ತೊಳೆಸಿ ವೈದ್ಯರಲ್ಲಿಗೆ ಕರೆದೊಯ್ಯಿರಿ. ಅಂಬೆಗಾಲಿಡುವ ಕೂಸಿಗೂ ಕರುವಿಗೂ ಎಟುಕದಂತೆ ಕುಂಡವನ್ನು ಎತ್ತರದಲ್ಲಿಡುವುದೇ ಜಾಣತನ.

ಎರಡು ವರ್ಷಕ್ಕೊಮ್ಮೆ ಹೊಸ ಚೂರು ತುಂಬಿಸಿರಿ. ಆಗ ಬುಡದಲ್ಲಿ ಬೇರು ಬಿಟ್ಟ, ಮೂರು ನಾಲ್ಕು ಎಲೆಯ ಮರಿಗಳಿದ್ದರೆ ಬಿಡಿಸಿ ನೆಡಬಹುದು. ಒಂದನ್ನು ನೆರೆಮನೆಯವರಿಗೆ ಕೊಡಿ. ಜೊತೆಗೆ ನೀರಿನ ಮಾತನ್ನೂ ಹೇಳಿಕೊಡಿ.