ವ್ಯಾಖ್ಯಾನಕಾರರಿಗೆ ಲೆನನ್ ಒಡ್ಡಿದ ಒಗಟು

ರಾಕ್ ಗೀತೆಯ ಪ್ರತಿ ಸಾಲಿನಲ್ಲೂ ಗೂಢಾರ್ಥ ಅಡಗಿರಲೇಬೇಕೆಂಬ ನಂಬಿಕೆಯನ್ನೇ ಗೇಲಿ ಮಾಡುವ ಹಾಡೊಂದಿದೆ: 1967ರಲ್ಲಿ ಬೀಟಲ್ಸ್ ತಂಡ ಹೊರತಂದ ‘ಐ ಆ್ಯಮ್ ದ ವಾಲ್ರಸ್’.

ಲಿವರ್‌ಪೂಲ್‌ನಲ್ಲಿ ತಾವು ಓದಿದ್ದ ಕ್ವಾರಿ ಬ್ಯಾಂಕ್ ಶಾಲೆಯಲ್ಲಿ ಬೀಟಲ್ಸ್ ಗೀತೆಗಳನ್ನು ತರಗತಿಯಲ್ಲಿ ವಿಶ್ಲೇಷಿಸಲಾಗುತ್ತಿದೆ ಎಂಬ ಸಂಗತಿ ವಿದ್ಯಾರ್ಥಿಯೊಬ್ಬನ ಪತ್ರದಿಂದ ತಿಳಿದಾಗ, ತಂಡದ ಸದಸ್ಯ ಜಾನ್ ಲೆನನ್ ಈ ಹಾಡಿನಲ್ಲಿ ಯಾವ ವ್ಯಾಖ್ಯಾನಕ್ಕೂ ಸುಲಭವಾಗಿ ದಕ್ಕದ ಅಸಂಬದ್ಧ ಚಿತ್ರಗಳನ್ನು ಬೇಕೆಂದೇ ಪೋಣಿಸಿದರು. ಆದರೆ ಅಸಂಬದ್ಧತೆಗೂ ಒಂದು ಪರಂಪರೆಯಿದೆ. ವಾಲ್ರಸ್, ಅಂದರೆ ಉದ್ದ ಕೋರೆಹಲ್ಲಿನ ಆ ಕಡಲಪ್ರಾಣಿ, ಲೂಯಿಸ್ ಕ್ಯಾರಲ್ ಅವರ 1871ರ ಕೃತಿಯೊಂದರ ಕವಿತೆಯಿಂದ ಬಂದದ್ದು. ಅಲ್ಲಿ ಅದು ಸಿಂಪಿಗಳನ್ನು ಪುಸಲಾಯಿಸಿ ಕರೆದೊಯ್ದು ತಿನ್ನುವ ವಂಚಕನೆಂಬುದನ್ನು ತಾವು ಬಳಿಕವಷ್ಟೇ ಗಮನಿಸಿದ್ದಾಗಿ ಲೆನನ್ ಒಪ್ಪಿಕೊಂಡರು. ಹಾಡಿನ ಕೊನೆಯಲ್ಲಿ ಕೇಳಿಸುವ ಸಂಭಾಷಣೆ, ಧ್ವನಿಮಿಶ್ರಣದ ವೇಳೆ ಬಿಬಿಸಿ ರೇಡಿಯೊದಲ್ಲಿ ಬಿತ್ತರವಾಗುತ್ತಿದ್ದ ‘ಕಿಂಗ್ ಲಿಯರ್’ ನಾಟಕದ್ದಾಗಿರುವುದರಿಂದ, ಅದರಲ್ಲಿ ಸಂಕೇತ ಹುಡುಕುವುದೆಂದರೆ ಆಕಸ್ಮಿಕಕ್ಕೆ ಉದ್ದೇಶವನ್ನು ಆರೋಪಿಸಿದಂತೆಯೇ ಸರಿ.

1968ರ ‘ಗ್ಲಾಸ್ ಆನಿಯನ್’ ಗೀತೆಯಲ್ಲಿ ಆ ವಾಲ್ರಸ್ ತಂಡದ ಸಹಸದಸ್ಯ ಪಾಲ್ ಮೆಕಾರ್ಟ್ನಿಯೇ ಎಂಬ ಹುಸಿ ಸುಳಿವನ್ನಿತ್ತು ಲೆನನ್ ವ್ಯಾಖ್ಯಾನಕಾರರನ್ನು ಮತ್ತೆ ಕೆಣಕಿದರು. ಆದ್ದರಿಂದ ಇಂಥ ಗೀತೆಗಳ ವಿಮರ್ಶೆಯಲ್ಲಿ ಗುಪ್ತಾರ್ಥ ಯಾವುದೆಂದು ಕೇಳುವುದಕ್ಕಿಂತ, ನಗೆ ಯಾರನ್ನು ಕುರಿತದ್ದು, ಯಾವ ತಂತ್ರದಿಂದ ಹುಟ್ಟಿದ್ದು ಎಂದು ಕೇಳುವುದೇ ಹೆಚ್ಚು ಫಲಕಾರಿ.