ನಾಣ್ಯ ಹೊಸದು, ನಷ್ಟ ನಮ್ಮದು!

ಉಗುರಿನಷ್ಟು ಅಗಲದ ಬೆಳ್ಳಿ ನಾಣ್ಯ. ಅದರ ಮೇಲೆ ಉದ್ದ ಮೈಯ, ಪೊದೆಬಾಲದ ಒಂದು ಪ್ರಾಣಿ ಓಡುತ್ತಿದೆ. ಮೇಲೊಂದು ನಕ್ಷತ್ರ, ಕೆಳಗೊಂದು. ನಮ್ಮವರಿಗೆ ಥಟ್ಟನೆ ನೆನಪಾಗೋದು ಮುಂಗುಸಿ. ಆದರೆ ಇದು ಯುರೋಪಿನ ಕಾಡುಗಳ ಮಾರ್ಟನ್. 13ನೇ ಶತಮಾನದಲ್ಲಿ ಹಂಗೇರಿ ರಾಜರ ಆಳ್ವಿಕೆಯಲ್ಲಿದ್ದ ಸ್ಲಾವೋನಿಯಾದ ನಾಣ್ಯವಿದು. ಅಲ್ಲಿನ ಜನ ಒಂದು ಕಾಲಕ್ಕೆ ಇದರ ತುಪ್ಪಳವನ್ನೇ ಕಂದಾಯವಾಗಿ ಕಟ್ಟುತ್ತಿದ್ದರು. ಕ್ರೊಯೇಷಿಯಾ 1994ರಲ್ಲಿ ತನ್ನ ಕರೆನ್ಸಿಗೆ ಇದೇ ಪ್ರಾಣಿಯ ಹೆಸರಿಟ್ಟಿತು: ಕುನಾ. 2023ರಲ್ಲಿ ಯೂರೋ ಬಂದರೂ ಅವರ ಒಂದು ಯೂರೋ ನಾಣ್ಯದಲ್ಲಿ ಮಾರ್ಟನ್ ಇದ್ದೇ ಇದೆ.

ಹಂಗೇರಿಯ ಮೊದಲ ರಾಜ ಇಸ್ತ್ವಾನನ ಒಂದು ನಾಣ್ಯದಲ್ಲಿ ಬಾವುಟ ಕಟ್ಟಿದ ಈಟಿ ಹಿಡಿದ ಕೈ ಇದೆ. ಸುತ್ತ ಲ್ಯಾಟಿನ್ನಿನಲ್ಲಿ 'ರಾಜನ ಈಟಿ' ಎಂಬ ಬರಹ. ಓದು ಬಾರದವರಿಗೂ ಅರ್ಥವಾಗುವ ಮಾತು: ಇಲ್ಲಿ ದೊರೆ ನಾನು.

ಮುಂದಿನ ನಾಣ್ಯಗಳಲ್ಲಿ ಬರೀ ಶಿಲುಬೆ, ಚುಕ್ಕಿ, ಗೆರೆ. ಎಷ್ಟೋ ನಾಣ್ಯಗಳಲ್ಲಿ ರಾಜನ ಹೆಸರೂ ಇಲ್ಲ. ಇಷ್ಟೊಂದು ವಿನ್ಯಾಸ ಯಾಕೆ ಅಂತೀರಾ? ಹಳೆಯ ನಾಣ್ಯವನ್ನು ಆಗಾಗ ರದ್ದು ಮಾಡುತ್ತಿದ್ದರು. ಜನ ಹಳೆಯದನ್ನು ಕೊಟ್ಟು, ಎಣಿಕೆಯಲ್ಲಿ ಕಡಿಮೆ ಹೊಸ ನಾಣ್ಯ ಪಡೆಯಬೇಕಿತ್ತು. ಉಳಿದದ್ದು ಖಜಾನೆಗೆ. ಸಾಫ್ಟ್‌ವೇರ್‌ನವಳಾದ ನನಗೆ ಇದು ಚೆನ್ನಾಗಿ ಗೊತ್ತಿರೋ ವಿಷಯ: ಹಳೆ ವರ್ಷನ್ ಇನ್ನು ನಡೆಯಲ್ಲ, ಅಪ್‌ಡೇಟ್ ಮಾಡ್ಕೊಳ್ಳಿ, ದುಡ್ಡು ಕೊಟ್ಟು! ಯಾವುದು ನಡೆಯುತ್ತೆ, ಯಾವುದು ನಡೆಯಲ್ಲ ಅಂತ ಹೇಳೋದೇ ಆ ಪುಟ್ಟ ಚುಕ್ಕಿಗಳ ಕೆಲಸ. ಕೂಡಿಟ್ಟವರ ಗಂಟು ಕೂತಲ್ಲೇ ಕರಗುತ್ತಿತ್ತು.

ಜನ ಸುಮ್ಮನಿರಲಿಲ್ಲ. 1222ರಲ್ಲಿ ರಾಜ ಎರಡನೇ ಆಂಡ್ರಾಶ್ ಹೊರಡಿಸಿದ ಪ್ರಸಿದ್ಧ 'ಸುವರ್ಣ ಶಾಸನ'ದಲ್ಲಿ ಒಂದು ಷರತ್ತಿದೆ: ಹೊಸ ನಾಣ್ಯ ಒಂದು ಈಸ್ಟರ್‌ನಿಂದ ಮುಂದಿನ ಈಸ್ಟರ್‌ವರೆಗಾದರೂ ನಡೆಯಬೇಕು. ವರ್ಷ ಪೂರ್ತಿ ಒಂದೇ ನಾಣ್ಯ ಬೇಕು ಅಂತ ರಾಜನ ಕೈಲಿ ಬರೆಸಿಕೊಳ್ಳಬೇಕಾಯ್ತು ನೋಡಿ! 14ನೇ ಶತಮಾನದಲ್ಲಿ ಮೊದಲನೇ ಚಾರ್ಲ್ಸ್ ಸ್ಥಿರ ನಾಣ್ಯ ತಂದ. ಅದರಿಂದ ತಪ್ಪಿದ ಆದಾಯ ತುಂಬಿಕೊಳ್ಳಲು ರೈತರ ಮನೆಯ ಹೆಬ್ಬಾಗಿಲಿಗೆ ತೆರಿಗೆ ಹಾಕಿದ. ಹುಲ್ಲಿನ ಗಾಡಿ ಒಳಗೆ ಹೋಗುವಷ್ಟು ಬಾಗಿಲಿದ್ದರೆ ಕಟ್ಟಲೇಬೇಕು. ಭಾರವೇನೋ ಉಳಿಯಿತು, ಆದರೆ ಈಗ ಅದು ಕಣ್ಣಿಗೆ ಕಾಣುತ್ತಿತ್ತು.

15ನೇ ಶತಮಾನದ ಮಾತ್ಯಾಶ್ ರಾಜ ತನ್ನ ಬೆಳ್ಳಿ ನಾಣ್ಯದ ಮೇಲೆ ಮಗುವನ್ನೆತ್ತಿಕೊಂಡ ಮೇರಿಯನ್ನು ಅಚ್ಚು ಹಾಕಿಸಿದ. ರಾಜರು ಬದಲಾದರೂ ಆ ತಾಯಿ–ಮಗು 17ನೇ ಶತಮಾನದವರೆಗೂ ನಾಣ್ಯಗಳಲ್ಲಿ ಬರುತ್ತಲೇ ಇದ್ದರು. ಮೊದಲೆಲ್ಲ ಚಿತ್ರ ಬದಲಾದಾಗ ಎದೆ ಧಸಕ್ಕೆನ್ನುತ್ತಿದ್ದ ಜನಕ್ಕೆ, ಅದೇ ಚಿತ್ರ ಮತ್ತೆ ಕಾಣೋದೇ ಒಂದು ನೆಮ್ಮದಿ ಅಲ್ವಾ?